ಅಂಗಡಿಯಲ್ಲಿ ಕುಣಿದ ಹರಳು

"ಅಂಗಡೀಲಿ ಕುಣೀತಿತ್ತಲ್ಲೇ ಇದು. ಮನೆಗೆ ಬಂದು ಮಲಗಿಬಿಟ್ಟಿದೆ."

ಅತ್ತೆ ಬೆಳಗಿನಿಂದ ಇದೇ ಮಾತು ಹೇಳುತ್ತಿದ್ದಳು. ಸೊಸೆ ಕಿವಿ ಕೇಳದವಳಂತೆ ಸೊಪ್ಪಿನ ಕಟ್ಟುಗಳ ಮೇಲೆ ನೀರು ಚಿಮುಕಿಸುತ್ತಿದ್ದಳು. ಬೀದಿಯವರು ಈ ಸೊಸೆಯನ್ನು ಕರೆಯುವುದು ತೂಕದಕ್ಕ ಎಂದು. ತಳ್ಳುಗಾಡಿಯಲ್ಲಿ ತರಕಾರಿ ಮಾರುತ್ತಾಳೆ. ಅವಳ ತಕ್ಕಡಿ ಸುಳ್ಳು ಹೇಳುವುದಿಲ್ಲ ಎಂದು ಹೆಸರಿದೆ. ಅವಳು ಟೊಮೆಟೊ ಮೇಲೆ ಕೆಂಪು ಕೊಡೆ ಬಿಚ್ಚುತ್ತಾಳೆ, ಹೂಕೋಸಿನ ದಂಟು ಕತ್ತರಿಸದೆ ತೂಗುತ್ತಾಳೆ. ಅದನ್ನೆಲ್ಲ ಯಾರೂ ಮೋಸ ಅನ್ನುವುದಿಲ್ಲ. ವ್ಯಾಪಾರ ಅನ್ನುತ್ತಾರೆ.

ಮೇಜಿನ ಮೇಲೆ ಬಿಳಿ ಕಾಗದದ ಮಡಿಕೆಯಲ್ಲಿ ಹರಳು ಇತ್ತು. ಅರ್ಧ ಕ್ಯಾರೆಟ್ಟಿನ ಬಿಡಿ ವಜ್ರ. ಹಿಂದಿನ ದಿನ ಸಂಜೆ ತಂದದ್ದು. ತೂಕದಕ್ಕನ ಮಗಳ ನಿಶ್ಚಿತಾರ್ಥ ಬರುವ ಭಾನುವಾರ. ಉಂಗುರ ಆಗಲೇ ಸಿದ್ಧವಾಗಿ ಅಕ್ಕಸಾಲಿಯ ಹತ್ತಿರ ಖಾಲಿ ಕೂತಿತ್ತು. ಹರಳು ಕೂರಿಸುವುದೊಂದು ಬಾಕಿ.

ಈ ಹರಳಿಗಾಗಿ ಅತ್ತೆ ತನ್ನ ಎರಡು ಬಳೆ ಬಿಚ್ಚಿಕೊಟ್ಟಿದ್ದಳು. ಅವಳ ಹತ್ತಿರ ಇದ್ದ ಚಿನ್ನ ಅಷ್ಟೇ. ಅದನ್ನು ಮಾರಿ, ತೂಕದಕ್ಕ ಕೂಡಿಟ್ಟಿದ್ದನ್ನೂ ಸೇರಿಸಿ ಕೊಂಡದ್ದು. ಬಳೆ ಇದ್ದ ಜಾಗದಲ್ಲಿ ಮುದುಕಿಯ ಮಣಿಕಟ್ಟು ಬೆಳ್ಳಗಿತ್ತು. ಪಾತ್ರೆ ತೊಳೆಯುವಾಗ ಇಲ್ಲದ ಬಳೆಯನ್ನು ಮೊಣಕೈಗೆ ತಳ್ಳುವ ಅಭ್ಯಾಸ ಇನ್ನೂ ಹೋಗಿರಲಿಲ್ಲ. ಅದನ್ನು ಕಂಡಾಗಲೆಲ್ಲ ತೂಕದಕ್ಕ ಬೇರೆ ಕಡೆ ನೋಡುತ್ತಿದ್ದಳು.

"ಅತ್ತೆ, ತೂಕ ನನ್ನ ಕಣ್ಣೆದುರಿಗೇ ಹಾಕಿಸಿದೀನಿ. ಇಳಿಸಿ ಮತ್ತೆ ಹಾಕಿಸಿದೀನಿ. ಒಂದು ಕೂದಲು ಹೆಚ್ಚು ಕಡಿಮೆ ಇಲ್ಲ."

"ತೂಕ ನೋಡಿ ಕೊಳ್ಳೋಕೆ ಇದೇನು ಆಲೂಗೆಡ್ಡೆಯಾ?"

"ಅಸಲಿ ಅಂತಾನೂ ನೋಡಿದೀನಿ. ಉಸಿರು ಊದಿದ್ರೆ ಮಂಜು ನಿಲ್ಲಲ್ಲ. ಪೇಪರ್ ಮೇಲಿಟ್ರೆ ಅಕ್ಷರ ಕಾಣಲ್ಲ. ಇನ್ನೇನು ಬೇಕು?"

"ನನಗೇನೂ ಬೇಡಮ್ಮ," ಅತ್ತೆ ಅಂದಳು. "ಕಣ್ಣಿಗೆ ಕಂಡಿದ್ದು ಹೇಳಿದೆ. ನಿನ್ನೆ ನನ್ನ ಮುಖದ ಮೇಲೆಲ್ಲ ಬೆಳಕು ಎರಚ್ತಿತ್ತು. ಇವತ್ತು ಸಕ್ಕರೆ ಹರಳಿನ ಹಾಗಿದೆ."

ತೂಕದಕ್ಕನಿಗೂ ಹಾಗೇ ಕಂಡಿತ್ತು. ಆದರೆ ಒಪ್ಪಿಕೊಳ್ಳುವುದು ಸುಲಭವಿರಲಿಲ್ಲ. ಹರಳು ಕೊಡಿಸಿದವನು ಮೈದುನ, ಅತ್ತೆಯ ಕಿರಿಮಗ. ವೈರಿಂಗ್ ಕೆಲಸದವನು. ಬೀದಿಯಲ್ಲಿ ಅವನ ಹೆಸರು ಕರೆಂಟು. ಕೆಲಸವೂ ಅದೇ, ಮುಟ್ಟಿದರೆ ಹೊಡೆಯುವ ಗುಣವೂ ಅದೇ. ಆ ಒಡವೆ ಅಂಗಡಿಗೆ ಲೈಟು ಹಾಕಿದವನೂ ಅವನೇ. "ಯಜಮಾನ ನನಗೆ ಅಣ್ಣ ಇದ್ದ ಹಾಗೆ," ಎಂದು ಕರೆದುಕೊಂಡು ಹೋಗಿದ್ದ. ಈಗ ಹರಳು ಸರಿ ಇಲ್ಲ ಅಂದರೆ ಅವನನ್ನೇ ಕಳ್ಳ ಅಂದ ಹಾಗೆ. ತೂಕದಕ್ಕನ ಗಂಡ ಲಾರಿ ಮೇಲೆ ದೂರ ಹೋಗಿದ್ದ. ಫೋನ್ ಮಾಡಿದರೆ, "ತಮ್ಮ ನೋಡಿದಾನಲ್ಲ, ಇನ್ನೇನು," ಎಂದು ಇಟ್ಟುಬಿಟ್ಟಿದ್ದ.

ಬಿಲ್ಲಿನ ಮೇಲೆ ಅಂಗಡಿಯವರು ಒಂದು ಸಾಲು ಬರೆದಿದ್ದರು. ಉಂಗುರಕ್ಕೆ ಕೂರಿಸದ ಹರಳನ್ನು ಮಾರನೆಯ ದಿನ ಅಂಗಡಿ ಮುಚ್ಚುವುದರೊಳಗೆ ತಂದರೆ ಬದಲಿ ಹರಳು ಅಥವಾ ಹಣ. ಕೂರಿಸಿದ ಮೇಲೆ ಇಲ್ಲ. ಆ ಮಾರನೆಯ ದಿನ ಇವತ್ತು. ಮಧ್ಯಾಹ್ನ ಕರೆಂಟು ಬಂದು ಹರಳನ್ನು ಅಕ್ಕಸಾಲಿಗೆ ಕೊಂಡೊಯ್ಯುತ್ತಾನೆ. ಆಮೇಲೆ ಮಾತಿಗೆ ಜಾಗವೇ ಇಲ್ಲ.

ಅಷ್ಟರಲ್ಲಿ ಮೇಲಿನ ಮಹಡಿಯ ಹೆಂಗಸು ಕಂಕುಳಲ್ಲಿ ಕೂಸನ್ನು ಎತ್ತಿಕೊಂಡು ಇಳಿದು ಬಂದಳು. ಮದುವೆಗೆ ಮುಂಚೆ ಹರಳು ಪರೀಕ್ಷಿಸುವ ಲ್ಯಾಬಿನಲ್ಲಿ ಕೆಲಸಕ್ಕಿದ್ದವಳು. ಆಗಿನ ಪುಟ್ಟ ಲೆನ್ಸು ಈಗಲೂ ಅವಳ ಬೀಗದಕೈ ಗೊಂಚಲಿನಲ್ಲಿ ನೇತಾಡುತ್ತದೆ. ಆದ್ದರಿಂದ ಅವಳು ಲೆನ್ಸಮ್ಮ.

"ಅಕ್ಕಾ, ಕೊತ್ತಂಬರಿ ಒಂದು ಕಟ್ಟು ಕೊಡು. ಓ, ಹರಳು ಬಂತಾ? ಕಟ್ ಹೇಗಿದೆ?"

"ದುಂಡಗಿದೆ ಕಣಮ್ಮ."

"ದುಂಡಗಿರೋದು ಆಕಾರ. ನಾನು ಕೇಳಿದ್ದು ಕಟ್. ಎಷ್ಟು ಚೆನ್ನಾಗಿ ಕೊಯ್ದಿದಾರೆ ಅಂತ."

ತೂಕದಕ್ಕ ಅಂಗಡಿಯ ಕಾರ್ಡು ತೋರಿಸಿದಳು. ಅದರಲ್ಲಿ ತೂಕ ಇತ್ತು, ಬಣ್ಣ ಇತ್ತು, ಒಳಗೆ ಕಲೆ ಎಷ್ಟು ಎಂದಿತ್ತು. ಕಟ್ ಎಷ್ಟು ಒಳ್ಳೆಯದು ಎಂದು ಎಲ್ಲೂ ಇರಲಿಲ್ಲ.

"ಇದು ಅಂಗಡಿಯವರೇ ಬರೆದುಕೊಟ್ಟ ಚೀಟಿ," ಲೆನ್ಸಮ್ಮ ಹೇಳಿದಳು. "ಲ್ಯಾಬಿಂದು ಎಲ್ಲಿ?"

"ಅದಕ್ಕೆ ಬೇರೆ ಖರ್ಚು ಅಂದ್ರು. ಬೇಡ ಅಂದೆ."

ಲೆನ್ಸಮ್ಮ ಕಾರ್ಡನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಅದು ತೂಕದಕ್ಕನಿಗೆ ಇಷ್ಟವಾಗಲಿಲ್ಲ.

"ನೋಡಿ ಹೇಳೇ ತಾಯಿ," ಎಂದಳು ಅತ್ತೆ. "ನನ್ನ ಮಾತು ಇಲ್ಲಿ ಯಾರಿಗೂ ಬೇಡ."

"ಮೊದಲು ತೊಳೀಬೇಕು ಅಜ್ಜಿ. ಎಲ್ಲರೂ ಮುಟ್ಟಿ ಮುಟ್ಟಿ ಬೆರಳಿನ ಜಿಡ್ಡು ಹತ್ತಿರುತ್ತೆ. ಜಿಡ್ಡು ಹತ್ತಿದ್ರೆ ಒಳ್ಳೇ ಹರಳೂ ಸಪ್ಪೆ ಕಾಣುತ್ತೆ."

ತೂಕದಕ್ಕ ಹರಳು ಹಿಡಿದು ನಲ್ಲಿಯ ಕಡೆ ಹೊರಟಳು.

"ನಲ್ಲಿ ಕೆಳಗೆ ಬೇಡ!" ಲೆನ್ಸಮ್ಮ ಕೂಗಿದ ರಭಸಕ್ಕೆ ಕೂಸು ಅಳತೊಡಗಿತು. "ಕೈ ಜಾರಿದ್ರೆ ಅಜ್ಜಿ ಬಳೆ ಚರಂಡಿಗೆ ಹೋಗುತ್ತೆ."

ತೂಕದಕ್ಕ ಹರಳನ್ನು ಮುಷ್ಟಿಯಲ್ಲಿ ಹಿಡಿದು ಹಿಂದೆ ಬಂದಳು. ಅತ್ತೆ ಓಡಿಹೋಗಿ ಬಟ್ಟಲಲ್ಲಿ ಉಗುರು ಬೆಚ್ಚಗಿನ ನೀರು ತಂದಳು. ಒಂದು ತೊಟ್ಟು ಸೋಪು ಹಾಕಿ, ಮೆತ್ತನೆಯ ಬ್ರಷ್ಷಿನಿಂದ ಉಜ್ಜಿ, ಬೇರೆ ನೀರಲ್ಲಿ ಅದ್ದಿ, ಹತ್ತಿ ಬಟ್ಟೆಯಲ್ಲಿ ಒರೆಸಿದರು. ಹರಳು ಸ್ವಲ್ಪ ಚೇತರಿಸಿಕೊಂಡಿತು. ಸ್ವಲ್ಪವೇ.

ಲೆನ್ಸಮ್ಮ ಕೂಸನ್ನು ಅಜ್ಜಿಯ ಮಡಿಲಿಗೆ ಹಾಕಿದಳು. ಕಾಗದವನ್ನು ಕಿಟಕಿಯ ಹತ್ತಿರ ಎಳೆದುಕೊಂಡು, ಹರಳನ್ನು ಚಿಮಟದಲ್ಲಿ ಹಿಡಿದು ಮೆಲ್ಲಗೆ ಆಚೆ ಈಚೆ ವಾಲಿಸಿದಳು.

"ಬಾ ಅಕ್ಕ, ನೀನೇ ನೋಡು. ನೇರ ಮೇಲಿಂದ. ಒಳ್ಳೇ ಕಟ್ ಆದ್ರೆ ವಾಲಿಸಿದ ಹಾಗೆ ಬೆಳಕು ಕತ್ತಲೆ ಜಾಗ ಬದಲಾಯಿಸ್ತಾ ಇರಬೇಕು. ಇದರ ನಡು ನೋಡು."

ನಡುವೆ ಒಂದು ಕಪ್ಪು ಮಚ್ಚೆ ಇತ್ತು. ಹರಳು ಎತ್ತ ವಾಲಿದರೂ ಮಚ್ಚೆ ಕದಲಲಿಲ್ಲ.

"ಅದು ಕೊಳೆ ಇರಬೇಕು," ತೂಕದಕ್ಕ ಅಂದಳು.

"ಈಗ ತಾನೆ ತೊಳೆದಿದೀವಿ."

"ಮತ್ತೆ ಏನದು?"

"ವಜ್ರದೊಳಗೆ ದೀಪ ಇರಲ್ಲ ಅಕ್ಕ. ಮೇಲಿಂದ ಒಳಗೆ ಹೋದ ಬೆಳಕು ಒಳಗೋಡೆಗೆ ಬಡಿದು ತಿರುಗಿ ಮೇಲಕ್ಕೇ ಬರಬೇಕು. ಹಾಗೆ ಬರೋ ಥರ ಲೆಕ್ಕ ಇಟ್ಟು ಕೊಯ್ಯೋದೇ ಕಟ್. ಕೆಳಗಿನ ಹೊಟ್ಟೆ ತೀರಾ ಆಳ ಆದ್ರೆ ಬೆಳಕು ಪಕ್ಕದಿಂದ ಸೋರಿಹೋಗುತ್ತೆ, ನಡು ಕಪ್ಪಾಗುತ್ತೆ. ತೀರಾ ಚಪ್ಪಟೆ ಆದ್ರೂ ತಪ್ಪೇ. ಆಗ ಮೀನಿನ ಕಣ್ಣಿನ ಥರ ಸುತ್ತ ಬಿಳಿ ಉಂಗುರ ಕಾಣುತ್ತೆ. ಇದು ಹೊಟ್ಟೆ ಆಳದ್ದು. ಪಕ್ಕದಿಂದ ನೋಡು, ಬುಗುರಿ ಇದ್ದ ಹಾಗಿದೆ. ಮೇಲಿನ ಕೆಳಗಿನ ಭಾಗ ಸೇರೋ ಸೊಂಟದ ಅಂಚೂ ದಪ್ಪ."

"ಯಾಕೆ ಹಾಗೆ ಕೊಯ್ತಾರೆ? ಕೈ ಬರಲ್ವಾ ಅವರಿಗೆ?"

ಲೆನ್ಸಮ್ಮ ಬಾಗಿಲ ಬಳಿಯ ಬುಟ್ಟಿಯತ್ತ ಗಲ್ಲ ತೋರಿಸಿದಳು. "ನೀನು ಹೂಕೋಸಿನ ದಂಟು ಯಾಕೆ ಬಿಟ್ಟಿದೀಯ? ಕತ್ತರಿಸೋಕೆ ಕೈ ಬರಲ್ವಾ?"

ಅತ್ತೆ ಬಾಯಿಗೆ ಸೆರಗು ಹಿಡಿದಳು. ನಗು ಸೆರಗಿನಾಚೆಗೂ ಕೇಳಿಸಿತು.

"ಚೆನ್ನಾಗಿ ಕೊಯ್ದರೆ ಕಲ್ಲು ಪುಡಿಯಾಗಿ ಹೋಗುತ್ತೆ, ತೂಕ ಇಳಿಯುತ್ತೆ. ಹೊಟ್ಟೇಲಿ ತೂಕ ಬಚ್ಚಿಟ್ಟರೆ ಅರ್ಧ ಕ್ಯಾರೆಟ್ ಅಂತ ಮಾರಬಹುದು. ಕಲ್ಲು ಅಸಲಿ, ತೂಕ ಸರಿ, ಆದ್ರೆ ಕಣ್ಣಿಗೆ ಕಾಣೋದು ಎಷ್ಟು?"

ತೂಕದಕ್ಕನಿಗೆ ಮುಖಕ್ಕೆ ಹೊಡೆದ ಹಾಗಾಯಿತು. ಇಷ್ಟು ವರ್ಷ ತಕ್ಕಡಿಯನ್ನೇ ನಂಬಿ ಬದುಕಿದವಳು. ತಕ್ಕಡಿ ಸರಿ ಇದ್ದೂ ಕಡಿಮೆ ಸಿಗಬಹುದು ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಆ ಬೀದಿಯಲ್ಲಿ ಇರಲಿಲ್ಲ. ಗಿರಾಕಿಗಳ ವಿಷಯದಲ್ಲಿ ಮಾತ್ರ ಬಲ್ಲವಳು.

"ಕಿಟಕಿ ಬೆಳಕಲ್ಲಿ ಹೀಗೆ ಕಂಡ್ರೆ ಅಂಗಡೀಲಿ ಯಾಕೆ ಹಾಗೆ ಕುಣೀತು?" ಅವಳು ಕೊನೆಯ ಹುಲ್ಲುಕಡ್ಡಿ ಹಿಡಿದಳು.

"ಟೊಮೆಟೊ ಮೇಲೆ ಕೆಂಪು ಕೊಡೆ ಯಾಕೆ?"

ಇದಕ್ಕೆ ಅತ್ತೆ ಬಾಯಿ ಮುಚ್ಚಿಕೊಳ್ಳುವ ಗೋಜಿಗೂ ಹೋಗಲಿಲ್ಲ.

"ಆದ್ರೆ ನಾನು ಹೇಳಿದ್ದು ಬರೀ ಅಂದಾಜು," ಲೆನ್ಸಮ್ಮ ಗಂಭೀರವಾದಳು. "ಕಣ್ಣು ತಪ್ಪಬಹುದು, ಅಳತೆ ತಪ್ಪಲ್ಲ. ಚೆನ್ನಾಗಿ ಕೊಯ್ದ ಅರ್ಧ ಕ್ಯಾರೆಟ್ ದುಂಡು ಹರಳು ಅಗಲದಲ್ಲಿ ಐದು ಮಿಲಿಮೀಟರಿಗಿಂತ ಚೂರು ಜಾಸ್ತಿ ಇರಬೇಕು. ಅಕ್ಕಸಾಲಿ ಹತ್ರ ಅಳೆಯೋ ಸಾಧನ ಇರುತ್ತೆ. ಕೂರಿಸೋಕೆ ಮುಂಚೆ ಅಳೆಸು. ಮುಂಚೆ, ಅಕ್ಕ. ಆಮೇಲಲ್ಲ."

ಹೊರಗೆ ಬೈಕು ನಿಂತ ಸದ್ದಾಯಿತು.

ಕರೆಂಟು ಒಳಗೆ ಬಂದ. ಕಿಟಕಿ, ಚಿಮಟ, ಲೆನ್ಸು ಎಲ್ಲ ನೋಡಿದ.

"ಏನಿದು ಪಂಚಾಯ್ತಿ?"

"ಏನಿಲ್ಲಪ್ಪ," ತೂಕದಕ್ಕ ಅಂದಳು. "ಒಂದ್ಸಲ ಅಳೆಸಿ ನೋಡೋಣ ಅಂತ..."

"ಅಳೆಸಿ? ಅಂದ್ರೆ ನಾನು ಕೊಡಿಸಿದ್ದು ಸರಿ ಇಲ್ಲ ಅಂತ. ನೇರ ಹೇಳಿ ಅತ್ತಿಗೆ. ನಾನು ಕಮಿಷನ್ ತಿಂದೆ ಅನ್ನಿ."

"ನಾನೆಲ್ಲಿ ಹಾಗಂದೆ?"

"ಅನ್ನಬೇಕಾ? ಇಡೀ ಕಟ್ಟಡ ಸೇರಿಸಿ ನನ್ನ ಮಾನ ತೂಗ್ತಾ ಇದೀರಲ್ಲ! ಆ ಯಜಮಾನ ನನಗೆ ಎಷ್ಟು ಕೆಲಸ ಕೊಟ್ಟಿದಾನೆ ಗೊತ್ತಾ? ನಾಳೆ ಅವನ ಮುಖ ಹೇಗೆ ನೋಡಲಿ?"

"ನಿನ್ನ ಮುಖ ಹಾಳಾಗ್ಲಿ," ಅತ್ತೆ ಎದ್ದು ನಿಂತಳು. ಕೂಸು ಅವಳ ಹೆಗಲ ಮೇಲಿಂದ ಕರೆಂಟನ್ನು ಪಿಳಿಪಿಳಿ ನೋಡಿತು. "ನನ್ನ ಕೈ ನೋಡೋ. ಇಲ್ಲಿ ನೋಡು. ಬೋಳಾಗಿದೆ. ಅದನ್ನ ಕೇಳೋ ಹಕ್ಕು ನನಗಿಲ್ವಾ?"

"ಅಮ್ಮಾ, ಸುಮ್ನಿರು. ನಿನಗೆ ಇದೆಲ್ಲ ತಿಳಿಯಲ್ಲ."

"ತಿಳಿಯದೋಳು ಬಳೆ ಕೊಡಬಹುದು, ಮಾತಾಡಬಾರದು. ಅಲ್ವಾ?"

ಕರೆಂಟಿನ ಮುಖ ಕಪ್ಪಿಟ್ಟಿತು. ಹರಳಿನ ಕಾಗದ ಮಡಿಸಿ ಜೇಬಿಗಿಟ್ಟುಕೊಂಡ. "ಅಕ್ಕಸಾಲಿ ಕಾಯ್ತಿದಾನೆ. ಇವತ್ತೇ ಕೂರಿಸಿ ಮುಗಿಸ್ತೀನಿ. ಆಮೇಲೆ ಯಾರು ಎಷ್ಟು ಬೇಕಾದ್ರೂ ಅಳೀಲಿ."

ತೂಕದಕ್ಕ ಲೆನ್ಸಮ್ಮನ ಮುಖ ನೋಡಿದಳು, ಅತ್ತೆಯ ಮಣಿಕಟ್ಟು ನೋಡಿದಳು. ಚಪ್ಪಲಿ ಮೆಟ್ಟಿ ಹೊರಗೆ ನಡೆದು, ಬೈಕಿನ ಹಿಂದಿನ ಸೀಟಿನಲ್ಲಿ ಕೂತುಬಿಟ್ಟಳು.

"ಇಳೀರಿ ಅತ್ತಿಗೆ."

"ಇಳಿಯಲ್ಲ."

ದಾರಿಯುದ್ದಕ್ಕೂ ಕರೆಂಟು ಗುಂಡಿ ತಪ್ಪಿಸದೆ ಬೇಕೆಂದೇ ಮೇಲೆ ಹಾರಿಸಿದ. ತೂಕದಕ್ಕ ಹಲ್ಲು ಕಚ್ಚಿ ಕೂತಿದ್ದಳು. ಅವಳಿಗೂ ಭಯವಿತ್ತು. ಹರಳು ಸರಿ ಇದ್ದರೆ ಮೈದುನ ಇನ್ನು ಮನೆ ಹೊಸ್ತಿಲು ತುಳಿಯುವುದಿಲ್ಲ. ಸರಿ ಇಲ್ಲದೆ, ಅಂಗಡಿಯವನೂ ವಾಪಸ್ ತೆಗೆದುಕೊಳ್ಳದಿದ್ದರೆ ಬಳೆ ಹೋಯಿತು. ಅತ್ತ ದರಿ, ಇತ್ತ ಪುಲಿ.

ಅಕ್ಕಸಾಲಿಯ ಅಂಗಡಿ ಒಂದು ಮೆಟ್ಟಿಲ ಕೆಳಗಿನ ಗೂಡು. ಒಬ್ಬ ಕೂರಬಹುದು, ಇಬ್ಬರು ನಿಲ್ಲಬಹುದು. ಸವೆದ ಮರದ ಮೇಜು, ಅದರ ಕೆಳಗೆ ಚಿನ್ನದ ಪುಡಿ ಬಿದ್ದರೆ ಹಿಡಿಯಲು ಚರ್ಮದ ಜೋಳಿಗೆ, ಅರಗಳ ಸಾಲು, ಕರಿ ಹಿಡಿದ ಸಣ್ಣ ಕಿಟಕಿ. ಅವನು ಉಂಗುರವನ್ನು ಇಕ್ಕಳಕ್ಕೆ ಸಿಕ್ಕಿಸಿ ಇಟ್ಟಿದ್ದ. ಹರಳು ಹಿಡಿಯುವ ಕೊಕ್ಕೆಗಳು ಬಾಯಿ ತೆರೆದುಕೊಂಡು ಕಾಯುತ್ತಿದ್ದವು.

"ತಡ ಆಯ್ತಲ್ಲ," ಎಂದು ಕಾಗದ ಬಿಚ್ಚಿದ. ಚಿಮಟದಲ್ಲಿ ಹರಳು ಎತ್ತಿ ಕೊಕ್ಕೆಗಳ ನಡುವೆ ಇಳಿಸಿದ.

ಹರಳು ಕೂರಲಿಲ್ಲ. ಒಳಗೆ ಜಾರಿ ಒಂದು ಕಡೆಗೆ ಒರಗಿ ನಿಂತಿತು. ದೊಡ್ಡಣ್ಣನ ಅಂಗಿ ತೊಟ್ಟ ಹುಡುಗನ ಹಾಗೆ.

ಅಕ್ಕಸಾಲಿ ತೆಗೆದು ಮತ್ತೆ ಇಟ್ಟ. ಮತ್ತೆ ಒರಗಿತು.

"ಪರವಾಗಿಲ್ಲ," ಎಂದು ಇನ್ನೊಂದು ಸಣ್ಣ ಇಕ್ಕಳ ಕೈಗೆತ್ತಿಕೊಂಡ. "ಕೊಕ್ಕೆ ಒಳಕ್ಕೆ ಬಗ್ಗಿಸಿಬಿಡ್ತೀನಿ."

"ನಿಲ್ಸಿ!" ತೂಕದಕ್ಕನ ದನಿ ಅವಳಿಗೇ ಹೊಸದಾಗಿ ಕೇಳಿಸಿತು. "ಯಾಕೆ ಕೂರ್ತಿಲ್ಲ?"

"ಕಲ್ಲು ಚಿಕ್ಕದು."

"ಅರ್ಧ ಕ್ಯಾರೆಟ್ಟೇ ಅದು!" ಕರೆಂಟು ರೇಗಿದ. "ನೀವು ಉಂಗುರ ತಪ್ಪು ಮಾಡಿದೀರ."

ಅಕ್ಕಸಾಲಿ ಅವನನ್ನು ಕನ್ನಡಕದ ಮೇಲಿಂದ ನೋಡಿದ. ಜಗಳವಾಡಲಿಲ್ಲ. ಡ್ರಾಯರಿನಿಂದ ಅಳತೆಯ ಸಾಧನ ತೆಗೆದು, ಹರಳನ್ನು ಅದರ ದವಡೆಯ ನಡುವೆ ಹಿಡಿದು, ಮುಳ್ಳು ಓದಿದ. "ಅಗಲ ನಾಲ್ಕೂ ಮುಕ್ಕಾಲು ಮಿಲಿಮೀಟರು. ನಿಮ್ಮ ಮಾತು ನಂಬಿ ಅರ್ಧ ಕ್ಯಾರೆಟ್ಟಿಗೆ ಎಷ್ಟು ಬೇಕೋ ಅಷ್ಟು ಜಾಗ ಬಿಟ್ಟಿದ್ದೆ." ಹರಳನ್ನು ಅಡ್ಡ ತಿರುಗಿಸಿ ಆಳ ಅಳೆದ. "ತೂಕ ಇಲ್ಲಿದೆ ನೋಡಿ, ಹೊಟ್ಟೇಲಿ. ಉಂಗುರದಲ್ಲಿ ಕೂತ ಮೇಲೆ ಇದು ಯಾರಿಗೂ ಕಾಣಲ್ಲ."

"ಕೊಕ್ಕೆ ಬಗ್ಗಿಸೋಕೆ ಹೊರಡೋ ಮುಂಚೆ ಇದನ್ನ ಹೇಳಬಾರದಿತ್ತಾ?" ತೂಕದಕ್ಕ ಕೇಳಿದಳು.

"ನಂಗೆ ಕೂರಿಸು ಅಂದ್ರಿ. ನೋಡು ಅನ್ನಲಿಲ್ಲ. ಕೇಳಿದ್ರೆ ಹೇಳ್ತಿದ್ದೆ. ಕೇಳದೆ ಹೇಳಿದ್ರೆ ಆ ಅಂಗಡಿಯವನಿಗೂ ನನಗೂ ಜಗಳ." ಅವನು ಇನ್ನೊಂದು ಪೊಟ್ಟಣ ಬಿಚ್ಚಿ ಬೇರೆ ಗಿರಾಕಿಯ ಅರ್ಧ ಕ್ಯಾರೆಟ್ ಹರಳನ್ನು ಪಕ್ಕದಲ್ಲಿಟ್ಟ.

ಕರಿ ಹಿಡಿದ ಕಿಟಕಿಯ ಬೆಳಕಿನಲ್ಲೂ ಆ ಹರಳು ಎಚ್ಚರವಾಗಿತ್ತು. ಇವರದು ಮಲಗಿತ್ತು. ಒಂದೇ ತೂಕ. ಒಂದು ಅಗಲ, ಒಂದು ಕಿರಿದು. ಒಂದರ ನಡುವೆ ಬೆಳಕು ಓಡಾಡುತ್ತಿತ್ತು, ಇನ್ನೊಂದರ ನಡುವೆ ಕಪ್ಪು ಕೂತಿತ್ತು.

ಕರೆಂಟು ಬಗ್ಗಿ ನೋಡಿದ. ಬಹಳ ಹೊತ್ತು ಬಗ್ಗಿಯೇ ಇದ್ದ. ಎದ್ದಾಗ ಅವನ ಕಿವಿ ಕೆಂಪಾಗಿತ್ತು.

"ಅಂಗಡೀಲಿ ಚೆನ್ನಾಗಿತ್ತು ಅತ್ತಿಗೆ. ನಿಜವಾಗ್ಲೂ ಚೆನ್ನಾಗಿತ್ತು."

"ಅಲ್ಲಿ ಲೈಟು ಹಾಕಿದ್ದು ಯಾರು?"

ಅವನು ಹರಳನ್ನು ಕಾಗದದಲ್ಲಿ ಮಡಿಸಿ ಈ ಸಲ ಅತ್ತಿಗೆಯ ಕೈಗೆ ಕೊಟ್ಟ. ಬೈಕಿಗೆ ಕಿಕ್ ಹೊಡೆದು ಒಡವೆ ಅಂಗಡಿಯ ಕಡೆ ತಿರುಗಿಸಿದ. ಹೊರಗೆ ಬಿಸಿಲು ಇಳಿಯತೊಡಗಿತ್ತು.

ಒಡವೆ ಅಂಗಡಿಯಲ್ಲಿ ಸಂಜೆಯ ಗದ್ದಲ. ಗಾಜಿನ ಪೆಟ್ಟಿಗೆಗಳ ಮೇಲೆ ಸಾಲು ಸಾಲು ದೀಪ ಉರಿಯುತ್ತಿತ್ತು. ಯಜಮಾನ ಕರೆಂಟನ್ನು ನೋಡಿ ಹಲ್ಲು ಕಿರಿದ. ಅತ್ತಿಗೆಯ ಮುಖ ನೋಡಿ ಹಲ್ಲು ಒಳಗೆ ಹಾಕಿಕೊಂಡ.

"ಅಮ್ಮ, ಹೇಳಿ. ಉಂಗುರ ಆಯ್ತಾ?"

"ಹರಳು ಕೂರ್ತಿಲ್ಲ. ವಾಪಸ್ ತಗೊಳ್ಳಿ."

"ಯಾಕೆ? ಅಸಲಿ ಕಲ್ಲು. ಬೇಕಾದ್ರೆ ಯಾವ ಲ್ಯಾಬಿಗಾದ್ರೂ ಕೊಡಿ. ತೂಕ ನಿಮ್ಮೆದುರಿಗೇ ಹಾಕಿದೀನಿ. ಮೋಸ ಎಲ್ಲಿದೆ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮೋಸ ಎಂಬ ಮಾತನ್ನು ತೂಕದಕ್ಕ ಆಡಿರಲೇ ಇಲ್ಲ.

"ನಾನು ಮಾರೋ ಹೂಕೋಸೂ ಅಸಲೀನೇ ಯಜಮಾನ್ರೆ," ಅವಳು ಹೇಳಿದಳು. "ತೂಕಾನೂ ಸರಿ ಇರುತ್ತೆ. ದಂಟಿಗೆ ಹೂವಿನ ಬೆಲೆ ತಗೋತೀನಿ, ಅಷ್ಟೇ. ನೀವೂ ಅದನ್ನೇ ಮಾಡಿದೀರ. ಇದು ಕಟ್ ಕೆಟ್ಟ ಹರಳು. ಒಳ್ಳೇ ಕಟ್ ರೇಟು ಹಾಕಿದೀರ."

ಪಕ್ಕದ ಗಿರಾಕಿಗಳ ಕತ್ತು ಇತ್ತ ತಿರುಗಿತು. ಯಜಮಾನ ದನಿ ತಗ್ಗಿಸಿದ. "ಯಾರೋ ನಿಮ್ಮ ತಲೆ ಕೆಡಿಸಿದಾರೆ. ಬನ್ನಿ, ಇಲ್ಲಿ ನೋಡಿ." ಹರಳನ್ನು ಚಿಮಟದಲ್ಲಿ ಹಿಡಿದು ದೀಪದ ಕೆಳಗೆ ಚಾಚಿದ. ಹರಳು ಜಗ್ಗನೆ ಎದ್ದು ಕುಣಿಯಿತು. ಕೆಂಪು, ನೀಲಿ, ಹಸಿರು. "ಹೇಳಿ, ಇದಕ್ಕೇನಾಗಿದೆ?"

ಕ್ಷಣಹೊತ್ತು ತೂಕದಕ್ಕನೇ ಅನುಮಾನಿಸಿದಳು. ಅಷ್ಟು ಚಂದವಿತ್ತು. ಗಿರಾಕಿಗಳಲ್ಲಿ ಯಾರೋ "ಚೆನ್ನಾಗೇ ಇದೆಯಲ್ಲ," ಅಂದರು. ಗೋಡೆ ಗಡಿಯಾರದ ಕೆಳಗೆ ಕೆಲಸದವನೊಬ್ಬ ಆಗಲೇ ಒಂದು ಪೆಟ್ಟಿಗೆಗೆ ಬೀಗ ಹಾಕುತ್ತಿದ್ದ. ಅಂಗಡಿ ಮುಚ್ಚಿದರೆ ಬಿಲ್ಲಿನ ಸಾಲೂ ಮುಚ್ಚಿಹೋಗುತ್ತದೆ.

ಆಗ ಟಪ್ ಎಂದು ಸದ್ದಾಯಿತು. ಪೆಟ್ಟಿಗೆಗಳ ಮೇಲಿನ ದೀಪಗಳೆಲ್ಲ ಆರಿದವು. ಇನ್ನೊಂದು ಟಪ್. ಗೋಡೆಯ ದೀಪಗಳೂ ಹೋದವು. ಉಳಿದದ್ದು ಬಾಗಿಲಿನಿಂದ ಬರುತ್ತಿದ್ದ ಸಂಜೆಯ ಬೆಳಕು.

ಕರೆಂಟು ಸ್ವಿಚ್ಚಿನ ಪೆಟ್ಟಿಗೆಯ ಹತ್ತಿರ ನಿಂತಿದ್ದ. ಯಾವ ಸ್ವಿಚ್ಚು ಯಾವ ದೀಪಕ್ಕೆ ಎಂದು ಅವನಿಗಲ್ಲದೆ ಇನ್ನಾರಿಗೆ ಗೊತ್ತು?

"ಏಯ್, ಏನೋ ಮಾಡ್ತಿದೀಯ!"

"ನೀವೇ ಅಲ್ವಾ ಅಣ್ಣ ಹೇಳಿದ್ದು? ಗಾಜಿನ ಚೂರೂ ವಜ್ರದ ಹಾಗೆ ಹೊಳೀಬೇಕು, ಅಂಥ ಲೈಟು ಹಾಕು ಅಂತ." ಅವನು ಕೈಯನ್ನು ಸ್ವಿಚ್ಚಿನ ಮೇಲೇ ಇಟ್ಟಿದ್ದ. "ಹಾಕಿದೆ. ನಮ್ಮಮ್ಮ ಬಳೆ ಮಾರಿ ತಂದ ದುಡ್ಡಿಗೂ ಅದೇ ಹೊಳಪು ತೋರಿಸಿದ್ರಿ. ಈಗ ಬಾಗಿಲ ಹತ್ರ ಬನ್ನಿ. ಅಲ್ಲಿ ತೋರಿಸಿ."

ಬಾಗಿಲ ಬೆಳಕಿನಲ್ಲಿ ಹರಳು ಮಲಗಿತು. ಗಿರಾಕಿಗಳು ಬಗ್ಗಿ ಬಗ್ಗಿ ನೋಡಿದರು. ಈಗ ಯಾರೂ ಚೆನ್ನಾಗಿದೆ ಅನ್ನಲಿಲ್ಲ. ಒಬ್ಬಾಕೆ ತಾನು ಆರಿಸಿಟ್ಟಿದ್ದ ಹರಳನ್ನೂ ಬಾಗಿಲಿಗೆ ತರಲು ಹೇಳಿದಳು. ಅಷ್ಟು ಸಾಕಾಯಿತು.

"ಸರಿ ಸರಿ, ಲೈಟ್ ಹಾಕೋ," ಯಜಮಾನ ಬೆವರು ಒರೆಸಿಕೊಂಡ. "ಬಿಲ್ಲಲ್ಲಿ ಬರೆದಿದೀನಲ್ಲ, ಇಲ್ಲ ಅನ್ನಲ್ಲ. ದುಡ್ಡು ಬೇಕಾ, ಬೇರೆ ಹರಳು ಬೇಕಾ?"

ತೂಕದಕ್ಕ ಆತುರಪಡಲಿಲ್ಲ. ಲ್ಯಾಬಿನ ಕಾಗದ ಇರುವ, ಅದರಲ್ಲಿ ಕಟ್ ಅತ್ಯುತ್ತಮ ಎಂದು ಬರೆದಿರುವ ಹರಳುಗಳನ್ನಷ್ಟೇ ತೆಗೆಸಿದಳು. ಬಾಗಿಲ ಬೆಳಕಿನಲ್ಲಿ ನೋಡಿದಳು, ಕೈ ಅಡ್ಡ ಹಿಡಿದು ನೆರಳಲ್ಲೂ ನೋಡಿದಳು. ಅಗಲ ಕೇಳಿದಳು. ಒಂದನ್ನು ಆರಿಸಿದಳು. ಅದು ಅರ್ಧ ಕ್ಯಾರೆಟ್ಟಿಗಿಂತ ಸ್ವಲ್ಪ ಕಡಿಮೆ ತೂಕದ್ದು, ಆದರೆ ಹಳೆಯ ಹರಳಿಗಿಂತ ಅಗಲ. ತೂಕದಲ್ಲಿ ತಂಗಿ, ಕಣ್ಣಿಗೆ ಅಕ್ಕ. ಕೂರಿಸುವ ಮುಂಚೆ ಬೇರೆ ಲ್ಯಾಬಿಗೆ ತೋರಿಸುತ್ತೇವೆ, ಅಲ್ಲಿ ಹೊಂದದಿದ್ದರೆ ಹಣ ವಾಪಸ್ ಎಂದು ಹೊಸ ಬಿಲ್ಲಿನ ಮೇಲೆ ಬರೆಸಿಕೊಂಡ ಮೇಲೆಯೇ ಎದ್ದಳು.

ಮಾರನೆಯ ದಿನ ಲೆನ್ಸಮ್ಮ ಹರಳಿನ ಸೊಂಟದ ಮೇಲೆ ಕೆತ್ತಿದ ನಂಬರನ್ನು ಲೆನ್ಸಿನಲ್ಲಿ ಓದಿದಳು. ಅತ್ತೆ ಕಾಗದದ ಮೇಲಿನ ನಂಬರು ಓದಿದಳು. ಎರಡೂ ಒಂದೇ. ಬೇರೆ ಲ್ಯಾಬಿನವರೂ ಕಟ್ ಅತ್ಯುತ್ತಮ ಎಂದರು. ಅಕ್ಕಸಾಲಿಯ ಗೂಡಿನಲ್ಲಿ ಹರಳು ಕೊಕ್ಕೆಗಳ ನಡುವೆ ಇಳಿದು ನೆಟ್ಟಗೆ ಕೂತಿತು.

ಉಂಗುರ ಮನೆಗೆ ಬಂದಾಗ ಅತ್ತೆ ಅದನ್ನು ಕಿಟಕಿಗೆ ಹಿಡಿದಳು. ಆಮೇಲೆ ಮೇಜಿನ ಕೆಳಗಿನ ನೆರಳಿಗೆ ಹಿಡಿದಳು.

"ಎದ್ದಿದೆ," ಅಂದಳು. ಮಗನ ಕಡೆ ತಿರುಗಿ, "ಊಟ ಮಾಡ್ಕೊಂಡು ಹೋಗೋ," ಅಂದಳು. ಅವರ ಮನೆಯಲ್ಲಿ ರಾಜಿ ಆಗುವುದು ಹೀಗೆ. ಕರೆಂಟು ತಲೆ ತಗ್ಗಿಸಿ ತಟ್ಟೆ ಎಳೆದುಕೊಂಡ. "ಇನ್ನು ಮೇಲೆ ಯಾರು ಏನೇ ಕೊಡಿಸಲಿ ಅಮ್ಮ, ನಾನೇ ಕೊಡಿಸಿದ್ರೂ, ಮೊದಲು ಬಾಗಿಲಿಗೆ ತಂದು ನೋಡು," ಎಂದ.

ಸಂಜೆ ಗಾಡಿಯ ಹತ್ತಿರ ಗಿರಾಕಿಯೊಬ್ಬಳು ಹೂಕೋಸು ಎತ್ತಿಕೊಂಡಳು. ತೂಕದಕ್ಕ ಚೂರಿ ತೆಗೆದು ದಂಟು ಕತ್ತರಿಸಿ ಆಮೇಲೆ ತೂಗಿದಳು.

"ಇದೇನಕ್ಕ ಹೊಸದು? ಹಾಗಾದ್ರೆ ಆ ಕೆಂಪು ಕೊಡೇನೂ ತೆಗೀತೀಯಾ?"

"ಬಿಸಿಲಿಗೆ ಬೇಕಮ್ಮ ಅದು," ತೂಕದಕ್ಕ ಅಂದಳು. ಸ್ವಲ್ಪ ತಡೆದು, ಟೊಮೆಟೊ ಬುಟ್ಟಿಯನ್ನು ಕೊಡೆಯ ಕೆಳಗಿಂದ ಬೆಳಕಿಗೆ ಎಳೆದಳು. "ನೋಡಿ ತಗೋ."

ಓದಿದವರೇ, ಕೇಳಿದವರೇ, ಕಟ್ ಕೆಟ್ಟ ಹರಳು ನಕಲಿ ಅಲ್ಲ. ಅದಕ್ಕೇ ಅದು ಸುಲಭವಾಗಿ ದಾಟಿಹೋಗುತ್ತದೆ. ಉಸಿರು ಊದಿದರೆ ಕಟ್ ತಿಳಿಯುವುದಿಲ್ಲ, ತಕ್ಕಡಿಗೂ ತಿಳಿಯುವುದಿಲ್ಲ. ಎಮ್ಮೆಯನ್ನು ನೀರಲ್ಲಿ ನಿಲ್ಲಿಸಿ ವ್ಯಾಪಾರ ಮಾಡಬೇಡಿ, ಹರಳನ್ನು ಅಂಗಡಿಯ ದೀಪದಡಿಯಷ್ಟೇ ನೋಡಿ ಕೊಳ್ಳಬೇಡಿ. ತೊಳೆದು ಕಿಟಕಿಗೆ ತನ್ನಿ. ಅಗಲ ಅಳೆಸಿ. ಕಟ್ ಎಷ್ಟು ಒಳ್ಳೆಯದು ಎಂದು ಅಂಗಡಿಗೆ ಸಂಬಂಧವಿಲ್ಲದ ಲ್ಯಾಬಿನ ಕಾಗದದಲ್ಲಿ ನೋಡಿ, ಆ ಕಾಗದದ ನಂಬರು ಹರಳಿನ ಮೇಲೂ ಇದೆಯೇ ನೋಡಿ. ವಾಪಸ್ ತೆಗೆದುಕೊಳ್ಳುವ ಮಾತನ್ನು ಬಿಲ್ಲಿನಲ್ಲಿ ಬರೆಸಿ. ಇದೆಲ್ಲ ಮುಗಿಯುವ ತನಕ ಹರಳನ್ನು ಉಂಗುರಕ್ಕೆ ಕೂರಿಸಬೇಡಿ.

ಕೊಡಿಸಿದವರು ನೆಂಟರಾದರೆ ಬೇಜಾರು ಮಾಡಿಕೊಳ್ಳಬಹುದು. ಮಾಡಿಕೊಳ್ಳಲಿ. ಬೇಜಾರು ಒಂದು ಊಟಕ್ಕೆ ಕರಗುತ್ತದೆ. ಕೊಕ್ಕೆ ಬಗ್ಗಿಸಿದ ಮೇಲೆ ಬಳೆಯ ಬೆಲೆ ವಾಪಸ್ ಬರುವುದಿಲ್ಲ.